ಗೈರುಹಾಜರಿಯೂ ದಂಡನೀತಿಯೂ

ಬಾಲಕನು ಪಾಠಶಾಲೆಗೆ ಬಾರದಿದ್ದರೆ ಅಪರಾಧವು ಯಾರದು? ಇಂಗ್ಲೆಂಡಿನಲ್ಲಿ 1870ನೆಯ ಇಸವಿಯ ಶಾಸನವು ಹಾಜರಿಯನ್ನು ಕಡ್ಡಾಯಗೊಳಿಸುವ ಅಧಿಕಾರವನ್ನು ಸ್ಥಳೀಯ ಶಾಲಾಮಂಡಲಿಗಳಿಗೆ ಕೊಟ್ಟಿತು. 1880ರ ಶಾಸನವು 5ರಿಂದ 10 ವರ್ಷದ ಮಕ್ಕಳ ಹಾಜರಿಯನ್ನು ದೇಶಕ್ಕೆಲ್ಲ ಕಡ್ಡಾಯಮಾಡಿತು. ಹಾಜರಿಯ ಅಧಿಕಾರಿಯು ಮನೆಮನೆಗೆ ಹೋಗಿ ವಿಚಾರಿಸುತ್ತಿದ್ದನು. ತಪ್ಪಿದ ತಂದೆತಾಯಿಗಳು ನ್ಯಾಯಸ್ಥಾನದಲ್ಲಿ ಜುಲ್ಮಾನೆ ತೆರಬೇಕಾಗಿತ್ತು.

ಈ ದಂಡನೆಗೆ ಆಧಾರವಿಲ್ಲದಿಲ್ಲ. ಶಿಶುವು ತನ್ನ ಹಿತವನ್ನು ತಾನೇ ವಾದಿಸಲಾರದು. ಅದರ ದುಡಿಮೆಯಿಂದ ಲಾಭ ಪಡೆಯುವವರೇ ಅದರ ಭವಿಷ್ಯವನ್ನು ನಿರ್ಣಯಿಸುವುದು ನ್ಯಾಯವೆನಿಸದು. ಆದರೆ ಬಾಗಿಲು ತಟ್ಟಿದ ಅಧಿಕಾರಿಗೆ ಎಷ್ಟೋ ಮನೆಗಳಲ್ಲಿ ಕಾಣುತ್ತಿದ್ದುದು ಬಡತನವೇ: ಕೂಲಿಗೆ ಹೋದ ತಾಯಿಯ ಕೈಗೂಸನ್ನು ಆಡಿಸುತ್ತಿರುವ ಹುಡುಗಿ, ಪಾದರಕ್ಷೆಯಿಲ್ಲದ ಹುಡುಗ, ವಾರದ ಶುಲ್ಕಕ್ಕೆ ಕಾಸಿಲ್ಲದ ಸಂಸಾರ. ಇಂಥವರಿಂದ ಜುಲ್ಮಾನೆ ವಸೂಲುಮಾಡಿದರೆ ಗೈರುಹಾಜರಿಯ ಕಾರಣವು ಹೆಚ್ಚುವುದಲ್ಲದೆ ಕಡಮೆಯಾಗದು.

ಕಾಲಕ್ರಮದಲ್ಲಿ ಶಾಸನಕರ್ತರೂ ಇದನ್ನರಿತರು. 1891ರಲ್ಲಿ ಸರಕಾರದ ಧನಸಹಾಯದಿಂದ ಬಹುತೇಕ ಪ್ರಾಥಮಿಕ ಶಾಲೆಗಳ ಶುಲ್ಕವು ನಿಂತಿತು. 1906ರಲ್ಲಿ ಹಸಿದ ಮಕ್ಕಳಿಗೆ ಶಾಲೆಯಲ್ಲಿ ಊಟವನ್ನು ಒದಗಿಸಲು ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ದೊರೆಯಿತು.

ಕರ್ತವ್ಯವನ್ನು ವಿಧಿಸುವ ರಾಜ್ಯವು ಅದನ್ನು ನೆರವೇರಿಸುವ ಶಕ್ತಿಯನ್ನೂ ಒದಗಿಸತಕ್ಕದ್ದು. ಶಕ್ತಿಯಿದ್ದೂ ಮಗುವನ್ನು ತಡೆಯುವವನಿಗೆ ದಂಡವು ಸಲ್ಲುವುದು. ಅಶಕ್ತನಿಗೆ ಸಲ್ಲಬೇಕಾದುದು ಸಹಾಯ. ಹಾಜರಿಪಟ್ಟಿಯಲ್ಲಿ ಇವರಿಬ್ಬರ ಮಕ್ಕಳಿಗೂ ಗುರುತು ಒಂದೇ. ಮನೆಯ ಹೊಸ್ತಿಲಲ್ಲಿ ನಿಂತು ಸಮಾಧಾನದಿಂದ ಕೇಳಿದವನು ಮಾತ್ರ ಭೇದವನ್ನು ತಿಳಿಯಬಲ್ಲನು. ಆದುದರಿಂದ ವಿಚಾರಣೆಯು ಮೊದಲು, ನೆರವು ಅನಂತರ, ದಂಡನೆಯು ಕಟ್ಟಕಡೆಗೆ.