ಶಸ್ತ್ರ ಕೆಳಗಿಟ್ಟ ವೈದ್ಯರು

ಕೈಗುಣವುಳ್ಳ ವೈದ್ಯರು ರೋಗಿಯ ಮಗ್ಗುಲು ಬಿಟ್ಟು ಪಾಠ ಹೇಳಲು ಹೊರಟರೆ ನಮಗೆ ಒಳಗೊಳಗೇ ಅಸಮಾಧಾನ. ಇದು ಕರ್ತವ್ಯಚ್ಯುತಿಯಲ್ಲವೇ? ಪಟ್ಟಂನಲ್ಲಿರುವ ನಮಗೆ ದೂರದ ಉದಾಹರಣೆ ಬೇಕಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ಹೃದಯ ಶಸ್ತ್ರವೈದ್ಯ ಡಾ. ಎಂ. ಎಸ್. ವಲಿಯತ್ತಾನ್ ಅವರು 1993ರಲ್ಲಿ ಮಣಿಪಾಲ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿ ಹೋದರು. (ನಾವು ಇತ್ತ ಬಂದೆವು, ಅವರು ಅತ್ತ ಹೋದರು!)

ಅವರ ನೇತೃತ್ವದಲ್ಲಿ ತಯಾರಾದ ಚಿತ್ರಾ ಕವಾಟವನ್ನು 1990ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಜೋಡಿಸಲಾಯಿತು. ಆಮೇಲೆ ಅದು ಲಕ್ಷಕ್ಕೂ ಮಿಕ್ಕಿ ಹೃದಯಗಳನ್ನು ಸೇರಿದೆ. ಒಬ್ಬರ ಎರಡು ಕೈಗಳಿಂದ ಇದು ಆಗುವಂಥದೇ? ಆದರೆ ಅಂದು ಸರದಿಯಲ್ಲಿ ಕಾದಿದ್ದ ರೋಗಿಗೆ ಈ ಲೆಕ್ಕ ಸಮಾಧಾನ ತರಲಾರದು. ತರಬೇಕೆಂದು ನಾವು ಕೇಳುವುದೂ ತರವಲ್ಲ. ಬಿಡುವವರು ತಮ್ಮ ಜಾಗಕ್ಕೆ ಬೇರೆ ಕೈಗಳನ್ನು ಪಳಗಿಸಿದ್ದಾರೆಯೇ ಎಂಬುದಷ್ಟೇ ನಾವು ಕೇಳಬಹುದಾದ ಪ್ರಶ್ನೆ. ವಲಿಯತ್ತಾನರು ಹೊರಟ ಮೇಲೂ ಶ್ರೀ ಚಿತ್ರಾದಲ್ಲಿ ಹೃದಯದ ಶಸ್ತ್ರಚಿಕಿತ್ಸೆ ನಡೆಯುತ್ತಲೇ ಬಂದಿದೆ.