ಕೂಲಿಯ ಆಟವೂ ತವರಿನ ಋಣವೂ

ಮಾಗಡಿ ರಸ್ತೆಯ ಸುಂಕದಕಟ್ಟೆಯಲ್ಲಿ, ನೆರೆಯ ಪೀಣ್ಯದ ಕಾರ್ಖಾನೆಗಳನ್ನು ನಂಬಿ ಹೊರ ಜಿಲ್ಲೆಗಳಿಂದ ಬಂದು ನೆಲೆಸಿದ ಕುಟುಂಬಗಳು ಹಲವು. ಹುಟ್ಟಿದ ಊರೊಂದು, ಅನ್ನವಿಡುವ ಊರೊಂದು ಎಂಬ ಸ್ಥಿತಿ ಅಲ್ಲಿಯವರಿಗೆ ಹೊಸದಲ್ಲ. ಆದರೆ ಈ ಎರಡು ಊರುಗಳೂ ಇದಿರುಬದಿರಾಗಿ ನಿಂತರೆ ಮನುಷ್ಯನು ಯಾವ ಪಕ್ಷದವನು? ಕಾರ್ಖಾನೆಯ ದುಡಿಮೆಯಲ್ಲಿ ಈ ಪ್ರಶ್ನೆಯು ಏಳುವುದು ವಿರಳ. ಆಟವನ್ನೇ ಜೀವನೋಪಾಯ ಮಾಡಿಕೊಂಡವನಿಗಾದರೋ ಒಂದಲ್ಲ ಒಂದು ದಿನ ಬಯಲಿನ ನಡುವೆಯೇ ಎದುರಾಗುತ್ತದೆ.

ದಾವಣಗೆರೆಯಲ್ಲಿ ಜನಿಸಿದ ಶ್ರೀ ಗಣೇಶ್ ಸತೀಶರ ವೃತ್ತಾಂತವು ಇದಕ್ಕೆ ತಕ್ಕ ನಿದರ್ಶನ. 2014ರಲ್ಲಿ ಹೈದರಾಬಾದಿನಲ್ಲಿ ನಡೆದ ರಣಜಿ ಅಂತಿಮ ಪಂದ್ಯದಲ್ಲಿ ಇವರು ಮಹಾರಾಷ್ಟ್ರದ ಎದುರು 117 ಓಟಗಳನ್ನು ಗಳಿಸಿದರು, ಕರ್ನಾಟಕವು ಗೆದ್ದಿತು. ಅದೇ ವರ್ಷ ಇವರು ವಿದರ್ಭದ ತಂಡಕ್ಕೆ ಹೊರಟರು. ಕಾರಣವೇನೇ ಇರಲಿ, ಇದು ಕದ್ದುಹೋಗುವ ಕಾರ್ಯವಲ್ಲ. ತವರಿನ ಸಂಸ್ಥೆಯು ನಿರಾಕ್ಷೇಪಣ ಪತ್ರವನ್ನಿತ್ತ ಬಳಿಕವೇ ಆಟಗಾರನು ವೃತ್ತಿನಿರತನಾಗಿ ಪರರಾಜ್ಯದ ಪರವಾಗಿ ಆಡಬಹುದು. ಆದುದರಿಂದ ವ್ಯವಹಾರದಲ್ಲಿ ದೋಷವಿಲ್ಲ. ಧರ್ಮದ ಮಾತು ಬೇರೆ.

2017ರ ಡಿಸೆಂಬರಿನಲ್ಲಿ ಕಲ್ಕತ್ತೆಯ ಈಡನ್ ಗಾರ್ಡನ್ಸ್ ಬಯಲಿನಲ್ಲಿ ಕರ್ನಾಟಕವೂ ವಿದರ್ಭವೂ ಉಪಾಂತ್ಯ ಪಂದ್ಯದಲ್ಲಿ ಸಂಧಿಸಿದುವು. ಮೊದಲ ಸರದಿಯಲ್ಲಿ ಕರ್ನಾಟಕವು 116 ಓಟಗಳಿಂದ ಮುಂದಿದ್ದಿತು. ಎರಡನೆಯ ಸರದಿಯಲ್ಲಿ ಸತೀಶರು 81 ಓಟಗಳನ್ನು ಹೊಡೆದರು. ಕೊನೆಗೆ ಕರ್ನಾಟಕವು ಸೋತುದು ಐದೇ ಓಟಗಳಿಂದ! ಎಂಬತ್ತೊಂದರಲ್ಲಿ ಆರನ್ನು ಅವರು ಕಡಮೆ ಹೊಡೆದಿದ್ದರೆ ಎಂದು ಲೆಕ್ಕಹಾಕಿದ ಕನ್ನಡಿಗರು ಇಲ್ಲದಿರಲಾರರು. ಎದುರಾಳಿಗಳ ನಾಯಕ ಶ್ರೀ ವಿನಯ್ ಕುಮಾರರೂ ದಾವಣಗೆರೆಯವರೇ ಎಂಬುದನ್ನು ನೆನೆದರೆ ವಿಷಯವು ಇನ್ನೂ ಸೂಕ್ಷ್ಮವಾಗುತ್ತದೆ.

ಇಲ್ಲಿ ಭಾರತದ ಶಲ್ಯನನ್ನು ಸ್ಮರಿಸಬೇಕು. ಪಾಂಡವರನ್ನು ಸೇರಲು ಹೊರಟ ಮಾದ್ರೇಶನು ದಾರಿಯಲ್ಲಿ ಅರಿಯದೆ ದುರ್ಯೋಧನನ ಆತಿಥ್ಯವನ್ನುಂಡು ಅವನ ಪಕ್ಷಕ್ಕೆ ಬದ್ಧನಾದನು. ಆದರೂ ಕರ್ಣನ ಸಾರಥಿಯಾದಾಗ ಅವನ ತೇಜಸ್ಸನ್ನು ಕುಂದಿಸುವೆನೆಂದು ಧರ್ಮರಾಯನಿಗೆ ವಚನವಿತ್ತನು. ಉಂಡ ಅನ್ನ ಒಂದು ಮನೆಯದು, ಬಯಸಿದ ಜಯ ಇನ್ನೊಂದು ಮನೆಯದು. ರಕ್ತಸಂಬಂಧದ ಮಮತೆಯು ಇದಕ್ಕೆ ಕಾರಣವೆಂದು ಪಂಡಿತರು ಸಮಾಧಾನ ಹೇಳುವುದುಂಟು. ಆದರೆ ಅವನನ್ನು ನಂಬಿ ರಥವನ್ನೇರಿದ ಕರ್ಣನಿಗೆ ಆ ಸಮಾಧಾನದಿಂದ ಏನು ಬಂದಿತು? ಮನದಲ್ಲಿ ತವರನ್ನು ಇರಿಸಿಕೊಂಡು ಕೈಯನ್ನು ಸಡಿಲಬಿಡುವ ಆಟಗಾರನು ಶಲ್ಯನ ದಾರಿಯನ್ನೇ ಹಿಡಿದಂತೆ. ಜೊತೆಯ ಹತ್ತು ಮಂದಿಯ ಶ್ರಮವನ್ನು ಅವನು ಕದಿಯುತ್ತಾನೆ. ತವರಿಗೂ ಕಳ್ಳಗೆಲವನ್ನು ಕಾಣಿಕೆಯಾಗಿ ಒಪ್ಪಿಸುತ್ತಾನೆ.

ಹಾಗಾದರೆ ವಿದ್ಯೆ ಕಲಿಸಿದ ನೆಲದ ಋಣವು ತೀರಿತೆ? ಕಲಿತ ವಿದ್ಯೆಯನ್ನು ವಂಚನೆಯಿಲ್ಲದೆ ಪೂರ್ಣವಾಗಿ ಪ್ರಯೋಗಿಸಿದವನು ಗುರುವಿಗೆ ಅಪಚಾರವೆಸಗಿದನೆಂದು ಹೇಳಲು ಸಾಧ್ಯವಿಲ್ಲ. ಪಾರ್ಥನ ಬಾಣಗಳು ದ್ರೋಣನನ್ನೂ ಮುಟ್ಟಿದುವಷ್ಟೆ. ಹೊರಗಿನವನು ಬಂದುದರಿಂದ ಸ್ಥಳೀಯ ತರುಣನೊಬ್ಬನ ಎಡೆ ತಪ್ಪುವುದಿಲ್ಲವೆ ಎಂಬ ಆಕ್ಷೇಪವಾದರೋ ಹೆಚ್ಚು ಬಲವಾದುದು. ತಪ್ಪುವುದು ನಿಜ. ಆದರೆ ಅದೇ ಪಂದ್ಯದ ಕೊನೆಯ ಸರದಿಯಲ್ಲಿ ಏಳು ವಿಕೆಟ್ಟುಗಳನ್ನು ಕೆಡವಿದವರು ಬಾಡಿಗೆಯ ವೀರರಲ್ಲ, ವಿದರ್ಭದ ತರುಣ ಶ್ರೀ ರಜನೀಶ್ ಗುರ್ಬಾನಿಯವರು. ಎರವಲು ತಂದ ಅನುಭವವು ಮನೆಯ ಮಕ್ಕಳನ್ನು ಬೆಳೆಯಗೊಡದಿದ್ದರೆ ಮಾತ್ರ ದೂಷ್ಯವು.

ವಿದರ್ಭವು ಆ ಸಲವೂ ಮರುವರ್ಷವೂ ರಣಜಿ ಪ್ರಶಸ್ತಿಯನ್ನು ಪಡೆಯಿತು. ಕಲ್ಕತ್ತೆಯಲ್ಲಿ ಸೋತ ತಂಡದ ನಾಯಕ ವಿನಯ್ ಕುಮಾರರೂ 2019ರಲ್ಲಿ ಕರ್ನಾಟಕವನ್ನು ಬಿಟ್ಟು ಪುದುಚೇರಿಯ ಪರವಾಗಿ ಆಡಲು ತೆರಳಿದರು.