ವಿಡಂಬನೆಯನ್ನು ಓದುವ ದನಿ

ಜೊನಾಥನ್ ಸ್ವಿಫ್ಟ್ 1729ರಲ್ಲಿ ತನ್ನ ಹೆಸರು ಹಾಕದೆ ಡಬ್ಲಿನ್‌ನಲ್ಲಿ ಪ್ರಕಟಿಸಿದ 'ಎ ಮಾಡೆಸ್ಟ್ ಪ್ರಪೋಸಲ್' ಈಗ ಆಡಿಯೋ ಪುಸ್ತಕವಾಗಿಯೂ ಸಿಗುತ್ತದೆ. ಲಿಬ್ರಿವಾಕ್ಸ್‌ನ ಸ್ವಯಂಸೇವಕರು ಓದಿದ್ದನ್ನು ಪುಕ್ಕಟೆಯಾಗಿ ಕೇಳಬಹುದು. ಅಲ್ಲಿ ಮಾತಾಡುವವನು ಸ್ವಿಫ್ಟ್ ಅಲ್ಲ, ಲೆಕ್ಕ ಬಲ್ಲ ಒಬ್ಬ ಸಭ್ಯ ಗೃಹಸ್ಥ. ಐರ್ಲೆಂಡಿನ ಬಡವರಿಗೆ ವರ್ಷಕ್ಕೆ 1,20,000 ಮಕ್ಕಳು ಹುಟ್ಟುತ್ತವೆ. 20,000 ಮಕ್ಕಳನ್ನು ಸಂತಾನಕ್ಕೆಂದು ಉಳಿಸಿಕೊಂಡು, ಮಿಕ್ಕ ಲಕ್ಷವನ್ನು ವರ್ಷ ತುಂಬುತ್ತಲೇ ಸ್ಥಿತಿವಂತರ ಊಟಕ್ಕೆ ಮಾರಬಹುದು ಎನ್ನುತ್ತಾನೆ. ತನಗೆ ಇದರಲ್ಲಿ ಲಾಭವೇನೂ ಇಲ್ಲವಂತೆ! ಅವನ ಕೊನೆಯ ಮಗುವಿಗೆ ಆಗಲೇ ಒಂಬತ್ತು ವರ್ಷ.

ಇದನ್ನು ಯಾವ ದನಿಯಲ್ಲಿ ಓದಬೇಕು? ಅಚ್ಚಾದ ಪುಟದಲ್ಲಿ ದನಿ ಇರುವುದಿಲ್ಲ, ಹೇಸುವ ಹೊಣೆ ಓದುಗನದೇ. ಓದಿ ಕೇಳಿಸುವವರು ಕೊಂಚ ನಗೆ ಬೆರೆಸಿದರೂ ಸಾಕು, ಕೇಳುವವನು ಪಾರಾದ. ಇದು ತಮಾಷೆಯೆಂದು ಅವನ ಪರವಾಗಿ ಬೇರೆಯವರೇ ತೀರ್ಮಾನಿಸಿಬಿಟ್ಟರಲ್ಲ! ನಗದೆ ಓದುವುದರಲ್ಲಿ ಅಪಾಯವೂ ಉಂಟು. ಅರ್ಧ ಕೇಳಿ ಎದ್ದುಹೋದವನು ನಿಜವೆಂದೇ ತಿಳಿದಾನು. ಆದರೂ ನನಗೆ ಆ ಸಪ್ಪೆ ದನಿಯೇ ಬೇಕು. ಸ್ವಿಫ್ಟ್ ಬಯಲಿಗೆಳೆದದ್ದು ನರಭಕ್ಷಕರನ್ನಲ್ಲ. ಬಡವರನ್ನು ಅಂಕಿಗಳಾಗಿ ಎಣಿಸುವಾಗ ಒಂದಿಷ್ಟೂ ನಡುಗದ ದನಿಯನ್ನು. ಓದುವವರು ಅದಕ್ಕೆ ನಗು ಲೇಪಿಸಿದರೆ ಆ ಗೃಹಸ್ಥ ನಮ್ಮ ನಡುವಿನವನಾಗಿ ಉಳಿಯದೆ ಬರೀ ಕೋಡಂಗಿಯಾಗುತ್ತಾನೆ.